ಮೀಥೈಲ್‌ಫೆನಿಡೇಟ್

ಮೀಥೈಲ್‌ಫೆನಿಡೇಟ್ ಕೇಂದ್ರ ನರಮಂಡಲವನ್ನು ಉತ್ತೇಜಿಸುವ ಒಂದು ಔಷಧ. ಗಮನ ಕೊರತೆ ಮತ್ತು ಅತಿಚಟುವಟಿಕೆಯ ನ್ಯೂನತೆ (ಎಡಿಎಚ್‌ಡಿ) ಹಾಗೂ ನಾರ್ಕೋಲೆಪ್ಸಿ ಎಂಬ ನಿದ್ರಾರೋಗದ ಚಿಕಿತ್ಸೆಯಲ್ಲಿ ಇದನ್ನು ಬಳಸಲಾಗುತ್ತದೆ. ರಿಟಾಲಿನ್ ಎಂಬುದು ಇದರ ಅತ್ಯಂತ ಪರಿಚಿತ ವ್ಯಾಪಾರನಾಮ. ಭಾರತದಲ್ಲಿ ಇದು 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಒಳಪಟ್ಟಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ.

ಇತಿಹಾಸ

ಸ್ವಿಟ್ಜರ್‌ಲೆಂಡಿನ ಸೀಬಾ ಸಂಸ್ಥೆಯ ರಸಾಯನವಿಜ್ಞಾನಿ ಲಿಯಾಂಡ್ರೊ ಪನಿಜೊನ್ 1944ರಲ್ಲಿ ಇದನ್ನು ಸಂಶ್ಲೇಷಿಸಿದರು. ಅವರ ಪತ್ನಿ ಮಾರ್ಗರೀಟ್ ಟೆನಿಸ್ ಆಡುವ ಮುನ್ನ ಇದನ್ನು ಸೇವಿಸುತ್ತಿದ್ದರೆಂದೂ, ರಿಟಾಲಿನ್ ಎಂಬ ಹೆಸರು ಆಕೆಯ ಮನೆಯ ಹೆಸರಾದ ‘ರೀಟಾ’ದಿಂದ ಬಂದಿತೆಂದೂ ಹೇಳಲಾಗುತ್ತದೆ. ಉತ್ತೇಜಕವೊಂದು ಚಂಚಲ ಮಕ್ಕಳನ್ನು ಶಾಂತಗೊಳಿಸಬಲ್ಲದು ಎಂಬ ವಿಚಿತ್ರ ಸಂಗತಿಯನ್ನು ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿ ಅದಕ್ಕೂ ಮೊದಲೇ, 1937ರಲ್ಲಿ, ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಔಷಧದ ಬಗ್ಗೆ ವರದಿ ಮಾಡಿದ್ದರು.

ಕಾರ್ಯವಿಧಾನ

ನರಕೋಶಗಳ ನಡುವಿನ ಸಂದಿಗೆ ಬಿಡುಗಡೆಯಾದ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಸಾಗಕ ಪ್ರೋಟೀನುಗಳು ಮರಳಿ ಕೋಶದೊಳಕ್ಕೆ ಸೆಳೆದುಕೊಳ್ಳುತ್ತವೆ. ಮೀಥೈಲ್‌ಫೆನಿಡೇಟ್ ಈ ಸಾಗಕಗಳನ್ನು ತಡೆಯುವುದರಿಂದ ಎರಡೂ ರಾಸಾಯನಿಕಗಳು ಸಂದಿಯಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಗಮನ ಮತ್ತು ಸಂಯಮಗಳನ್ನು ನಿರ್ವಹಿಸುವ ಮಿದುಳಿನ ಮುಂಭಾಗದ ಹೊರಪದರದಲ್ಲಿ ಇದರ ಪ್ರಯೋಜನ ಕಾಣುತ್ತದೆ. ಎಡಿಎಚ್‌ಡಿಯನ್ನು ‘ಡೋಪಮಿನ್ ಕೊರತೆ’ ಎಂದು ಒಂದೇ ಮಾತಿನಲ್ಲಿ ವಿವರಿಸುವ ರೂಢಿಯಿದೆಯಾದರೂ ಅದು ಅತಿಯಾದ ಸರಳೀಕರಣ. ರಕ್ತಪರೀಕ್ಷೆಯಿಂದ ಈ ಸ್ಥಿತಿಯನ್ನು ಗುರುತಿಸಲಾಗದು.

ಕಾಫಿ ಮತ್ತು ಚಹಾದೊಂದಿಗೆ ಸೇವನೆ

ಕಾಫಿ, ಚಹಾಗಳಲ್ಲಿರುವ ಕೆಫೀನ್ ಕೂಡ ಉತ್ತೇಜಕವೇ, ಆದರೆ ಅದರ ದಾರಿ ಬೇರೆ. ಎಚ್ಚರವಿರುವಾಗ ಮಿದುಳಿನಲ್ಲಿ ಕ್ರಮೇಣ ಸಂಚಯವಾಗಿ ನಿದ್ರೆಯನ್ನು ಪ್ರೇರೇಪಿಸುವ ಅಡೆನೊಸಿನ್ ತನ್ನ ಗ್ರಾಹಕಗಳನ್ನು ಸೇರದಂತೆ ಕೆಫೀನ್ ತಡೆಯುತ್ತದೆ. ದೇಹದಲ್ಲಿ ಇವೆರಡೂ ವಿಭಜನೆಯಾಗುವ ಬಗೆಯೂ ಭಿನ್ನ. ಕೆಫೀನನ್ನು ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವವೂ, ಮೀಥೈಲ್‌ಫೆನಿಡೇಟನ್ನು ಕಾರ್ಬಾಕ್ಸಿಲ್‌ಎಸ್ಟರೇಸ್ 1 ಎಂಬ ಕಿಣ್ವವೂ ಒಡೆಯುತ್ತವೆ. ಹೀಗಾಗಿ ಒಂದರ ವಿಭಜನೆಗೆ ಇನ್ನೊಂದು ನೇರವಾಗಿ ಅಡ್ಡಬರುವುದಿಲ್ಲ. ಕೂಡಿಕೊಳ್ಳುವುದು ಅವುಗಳ ಪರಿಣಾಮ: ಎದೆಬಡಿತ, ರಕ್ತದೊತ್ತಡ, ಕೈನಡುಕ, ಕಳವಳ ಹೆಚ್ಚಬಹುದು.

ಹೆಚ್ಚು ಗಮನಿಸಬೇಕಾದದ್ದು ನಿದ್ರೆ. ಕೂಡಲೇ ಕರಗುವ ಮಾತ್ರೆಯ ಪ್ರಭಾವ ಸುಮಾರು 4 ಗಂಟೆಗಳಲ್ಲಿ ಇಳಿಯುತ್ತದೆ. ಕೆಫೀನಿನ ಅರ್ಧಾಯುಷ್ಯವೇ ವಯಸ್ಕರಲ್ಲಿ ಸುಮಾರು 5 ಗಂಟೆ. ಮಾತ್ರೆಯ ಬಲ ಕುಗ್ಗಿದ ಸಂಜೆಯ ಹೊತ್ತಿಗೆ ಕುಡಿದ ಕಾಫಿ ನಡುರಾತ್ರಿಯವರೆಗೂ ಉಳಿದಿರುತ್ತದೆ. ನಿದ್ರೆಗೆಟ್ಟವರಲ್ಲಿ ಮರುದಿನ ಕಾಣುವ ಮರೆವು, ಸಿಡುಕು, ಚಂಚಲತೆಗಳು ಎಡಿಎಚ್‌ಡಿಯ ಲಕ್ಷಣಗಳಂತೆಯೇ ಇರುತ್ತವೆ. ಕಾಫಿಯ ವಿಷಯ ವೈದ್ಯರಿಗೆ ತಿಳಿಯದಿದ್ದರೆ ಔಷಧ ಸಾಲದೆಂದು ಪ್ರಮಾಣ ಹೆಚ್ಚಿಸುವ ಅಥವಾ ನಿದ್ರಾನಾಶಕ್ಕೆ ಔಷಧವೇ ಕಾರಣವೆಂದು ಅದನ್ನು ನಿಲ್ಲಿಸುವ ಸಂಭವವಿದೆ.

ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿಯಲ್ಲಿ ಕೆಫೀನ್ ಇಲ್ಲವಾದ್ದರಿಂದ ಲೋಟದ ಲೆಕ್ಕದಿಂದಷ್ಟೇ ಸೇವನೆಯನ್ನು ಅಳೆಯಲಾಗದು. ತಂಬಾಕಿನ ಹೊಗೆ ಸಿವೈಪಿ1ಎ2 ಕಿಣ್ವವನ್ನು ಚುರುಕುಗೊಳಿಸುತ್ತದೆ; ಧೂಮಪಾನ ಬಿಟ್ಟವರಲ್ಲಿ ಅದೇ ಎರಡು ಲೋಟ ಕಾಫಿ ಮೊದಲಿಗಿಂತ ಹೆಚ್ಚು ಕೆಫೀನನ್ನು ರಕ್ತದಲ್ಲಿ ಉಳಿಸುತ್ತದೆ. ಕಾಫಿಯನ್ನು ಥಟ್ಟನೆ ನಿಲ್ಲಿಸಿದರೆ ಕೆಲವು ದಿನ ತಲೆನೋವು, ಮಂಕುತನ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಹಂತಹಂತವಾಗಿ ಕಡಿಮೆ ಮಾಡುವುದು ವಾಡಿಕೆ.