ಕೊಬ್ಬಿನ ಊರಿನಲ್ಲಿ ವಾಲ್ರಸ್‌ಗಳು

ಡಚ್ ಭಾಷೆಯಲ್ಲಿ ಸ್ಮೀರೆನ್‌ಬರ್ಗ್ ಅಂದರೆ ಕೊಬ್ಬಿನ ಊರು. ಉತ್ತರ ಧ್ರುವದಿಂದ ಸುಮಾರು 1,100 ಕಿ.ಮೀ. ದೂರ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ವಾಯವ್ಯ ಮೂಲೆಯಲ್ಲಿದೆ. ಊರು ಅಂದೆನಲ್ಲ, ಈಗಲ್ಲಿ ಒಂದು ಮನೆಯೂ ಇಲ್ಲ! ಬೇಸಗೆಯಲ್ಲಿ ಪ್ರವಾಸಿ ಹಡಗುಗಳು ಬಂದು ಹೋಗುತ್ತವೆ. ನಾನು ಹೋದದ್ದೂ ಹಾಗೆಯೇ. ಜೊತೆಗಿದ್ದವರೆಲ್ಲ ಹಿಮಕರಡಿ ಹುಡುಕುತ್ತಿದ್ದರು, ನಾನು ಮಾತ್ರ ನೆಲ ನೋಡುತ್ತಾ ನಡೆದೆ.

ಮರಳಿನಲ್ಲಿ ಅಲ್ಲಲ್ಲಿ ದುಂಡಗಿನ, ಕಪ್ಪನೆಯ ದಿಬ್ಬಗಳಿವೆ. ತಿಮಿಂಗಿಲದ ಕೊಬ್ಬು ಕಾಯಿಸುತ್ತಿದ್ದ ಒಲೆಗಳ ಗುರುತು ಅವು. ಕೊಪ್ಪರಿಗೆಯಿಂದ ಚೆಲ್ಲಿದ ಎಣ್ಣೆ ಮರಳಿನೊಂದಿಗೆ ಬೆರೆತು ಕಾಂಕ್ರೀಟಿನಂತೆ ಗಟ್ಟಿಯಾಗಿದೆ. ಸುಮಾರು ನಾನೂರು ವರ್ಷವಾದರೂ ಕರಗಿಲ್ಲ.

1596ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಈ ದ್ವೀಪಗಳನ್ನು ಕಂಡ. 1611ರಲ್ಲಿ ಇಂಗ್ಲಿಷರು ತಿಮಿಂಗಿಲ ಬೇಟೆಗೆ ಬಂದರು, ಮರುವರ್ಷವೇ ಡಚ್ಚರು. ಬೋಹೆಡ್ ತಿಮಿಂಗಿಲ ನಿಧಾನವಾಗಿ ಈಜುವ ಪ್ರಾಣಿ. ಮೈತುಂಬ ಕೊಬ್ಬಿರುವುದರಿಂದ ಸತ್ತರೂ ತೇಲುತ್ತದೆ. ಪಾಪ, ಅದರ ಗ್ರಹಚಾರ! ಯುರೋಪಿನ ದೀಪಗಳಿಗೂ ಸಾಬೂನಿಗೂ ಅದರ ಎಣ್ಣೆ ಬೇಕಾಗಿತ್ತು.

ಇಲ್ಲಿ ಸಾವಿರಾರು ಜನರಿದ್ದರು, ಅಂಗಡಿ ಬೀದಿ, ಚರ್ಚುಗಳಿದ್ದವು ಅಂತ ಬಹುಕಾಲ ಕಥೆ ಹಬ್ಬಿತ್ತು. 1979-81ರಲ್ಲಿ ಡಚ್ ಪುರಾತತ್ವಜ್ಞರು ಅಗೆದು ನೋಡಿದಾಗ ಸಿಕ್ಕಿದ್ದು ಹದಿನೈದಿಪ್ಪತ್ತು ಕಟ್ಟಡಗಳ ಕುರುಹು. ಭರ್ತಿ ಬೇಟೆಯ ಕಾಲದಲ್ಲೂ ಜನ ಸುಮಾರು ಇನ್ನೂರು ಅಷ್ಟೆ.

ಒಲೆ, ಕೊಪ್ಪರಿಗೆಗಳನ್ನು ಕಾಯಲು 1633ರ ಚಳಿಗಾಲಕ್ಕೆ ಏಳು ಜನರನ್ನು ಬಿಟ್ಟು ಹೋದರು. ತಿಂಗಳುಗಟ್ಟಲೆ ಸೂರ್ಯನಿಲ್ಲದ ಕತ್ತಲೆ. ಏಳೂ ಜನ ಬದುಕಿದರು. ಆ ಧೈರ್ಯದ ಮೇಲೆ ಮರುವರ್ಷ ಇನ್ನೇಳು ಜನ ಉಳಿದರು. ಅವರಿಗೆ ತಾಜಾ ಮಾಂಸವಿಲ್ಲ, ಸೊಪ್ಪಿಲ್ಲ. ಸ್ಕರ್ವಿ ಬಂತು. ಅವರ ದಿನಚರಿ 1635ರ ಫೆಬ್ರವರಿ 26ಕ್ಕೆ ನಿಂತುಹೋಗಿದೆ. ಬೇಸಗೆಯಲ್ಲಿ ಬಂದ ಹಡಗಿನವರಿಗೆ ಸಿಕ್ಕಿದ್ದು ಏಳು ಹೆಣಗಳು. ಒಂದು ಹಿಡಿ ಸೊಪ್ಪು ಸಿಕ್ಕಿದ್ದರೆ... ಲಾಭವೆಲ್ಲ ವರ್ತಕರಿಗೆ ಹೋಯಿತು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

1660ರ ಹೊತ್ತಿಗೆ ಊರು ಖಾಲಿ. ಕೊಲ್ಲಿಯಲ್ಲಿ ತಿಮಿಂಗಿಲವೇ ಉಳಿದಿರಲಿಲ್ಲ. ಬೇಟೆ ನಡುಗಡಲಿಗೆ, ಹಿಮದಂಚಿಗೆ ಸರಿಯಿತು.

ಈಗ ಆ ದಡದಲ್ಲಿ ವಾಲ್ರಸ್‌ಗಳು ಮಲಗಿರುತ್ತವೆ. ನಾವು ಹೋದಾಗಲೂ ಒಂದರ ಮೇಲೊಂದು ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದವು (ವಾಸನೆಯ ಬಗ್ಗೆ ಕೇಳಬೇಡಿ!). ದಂತಕ್ಕಾಗಿ ಕೊಂದು ಕೊಂದು ಇವನ್ನೂ ಇಲ್ಲಿಂದ ಬಹುತೇಕ ಅಳಿಸಿಹಾಕಿದ್ದರು. 1952ರಲ್ಲಿ ನಾರ್ವೆ ಬೇಟೆ ನಿಲ್ಲಿಸಿತು. ಪೂರ್ವದ ಫ್ರಾಂಜ್ ಜೋಸೆಫ್ ದ್ವೀಪಗಳಲ್ಲಿ ಒಂದಷ್ಟು ಉಳಿದಿದ್ದವು. ಅಲ್ಲಿಂದ ನಿಧಾನವಾಗಿ ಮರಳಿ ಬಂದು ಈಗ ಸಾವಿರಾರು ಆಗಿವೆ.

ಬೋಹೆಡ್‌ಗೆ ಅಂಥ ನೆರೆಮನೆ ಇರಲಿಲ್ಲ. ಇನ್ನೂರು ವರ್ಷ ಬದುಕಬಲ್ಲ ಜೀವ, ಮರಿ ಹಾಕುವುದು ಮೂರು ನಾಲ್ಕು ವರ್ಷಕ್ಕೊಂದು. ಗ್ರೀನ್‌ಲ್ಯಾಂಡಿಗೂ ಸ್ವಾಲ್ಬಾರ್ಡಿಗೂ ನಡುವಿನ ಹಿಮದಲ್ಲಿ ಕೆಲವು ನೂರು ಉಳಿದಿವೆ ಅಷ್ಟೆ. 2010ರಿಂದ 2014ರ ನಡುವೆ ವಿಜ್ಞಾನಿಗಳು ಅಲ್ಲಿ ನೀರೊಳಗೆ ಮೈಕ್ ಇಳಿಸಿಟ್ಟರು. ಚಳಿಗಾಲದ ಕತ್ತಲೆಯಲ್ಲಿ, ಹಿಮದ ಹಾಸಿನಡಿ, 184 ಬಗೆಯ ಹಾಡುಗಳು ಅದರಲ್ಲಿ ದಾಖಲಾದವು.