ಕಲಾಯಿ ಒಲೆಯಿಂದ ನೊಬೆಲ್ ಪುರಸ್ಕಾರದವರೆಗೆ: ಲೋಹದ ಮೈ ಮೇಲೆ ಅನಿಲ ಕುಳಿತ ಚರಿತ್ರೆ



ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ತಾಮ್ರದ ದೇಗ್ಚಿಯೊಂದು ಇದ್ದರೆ ಇಳಿಸಿ ನೋಡಿ. ಅದರ ಒಳಮೈಯಲ್ಲಿ ಬೆಳ್ಳಿಯಂತಹ ಬಣ್ಣ ಅಲ್ಲಲ್ಲಿ ಉಳಿದಿದ್ದರೆ ಅದೇ ಕಲಾಯಿ. ಸ್ಟೀಲು ಮತ್ತು ಅಲ್ಯುಮಿನಿಯಂ ಪಾತ್ರೆಗಳು ಬರುವ ಮೊದಲು ಅಜ್ಜಂಪುರ, ತರೀಕೆರೆ, ಕಡೂರಿನಂತಹ ಊರುಗಳ ಬೀದಿಗಳಲ್ಲಿ ಕಲಾಯಿ ಹಾಕುವವರು ತಿದಿ ಹೊತ್ತು ಕೂಗುತ್ತಾ ಬರುತ್ತಿದ್ದರು. ಅವರಲ್ಲಿ ಬಹಳಷ್ಟು ಜನ ನಮ್ಮ ಸಮುದಾಯದವರೇ. ಶಾಲೆಯ ಮೆಟ್ಟಿಲು ಹತ್ತದ ಆ ಹಿರಿಯರ ಕೈಯಲ್ಲಿದ್ದ ವಿದ್ಯೆ ಯಾವುದು, ಅದಕ್ಕೂ 2007ರಲ್ಲಿ ಜರ್ಮನಿಯ ವಿಜ್ಞಾನಿಯೊಬ್ಬರಿಗೆ ಬಂದ ನೊಬೆಲ್ ಪುರಸ್ಕಾರಕ್ಕೂ ಇರುವ ನಂಟು ಯಾವುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಲಾಯಿ ಹಾಕುವ ಕ್ರಮವನ್ನು ನೆನಪಿಸಿಕೊಳ್ಳಿ. ಮೊದಲು ಪಾತ್ರೆಯನ್ನು ಮರಳಿನಿಂದ ಚೆನ್ನಾಗಿ ಉಜ್ಜುತ್ತಾರೆ. ಇದ್ದಿಲ ಬೆಂಕಿಯ ಮೇಲೆ ಕಾಯಿಸುತ್ತಾರೆ. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದೊಡನೆ ಮೂಗಿಗೆ ಹೊಡೆಯುವ ಬಿಳಿ ಹೊಗೆ ಏಳುತ್ತದೆ. ಆಮೇಲೆ ತವರದ ತುಂಡನ್ನು ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಕ್ಷಣದಲ್ಲಿ ಒಳಮೈಯೆಲ್ಲ ಹೊಳೆಯುತ್ತದೆ. ನವಸಾಗರ ಹಾಕದೆ ತವರ ಹಚ್ಚಿದರೆ ಅದು ಮಣಿಮಣಿಯಾಗಿ ಉರುಳಿಹೋಗುತ್ತದೆಯೇ ಹೊರತು ಹಿಡಿಯುವುದಿಲ್ಲ. ಹೀಗೇಕೆ?

ಉಜ್ಜಿ ತೊಳೆದ ತಾಮ್ರವೂ ಬರಿಮೈಯಲ್ಲಿರುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕದ ಅಣುಗಳು ಬಂದು ಅದರ ಮೇಲೆ ಕೂರುತ್ತವೆ, ಒಡೆದು ಪರಮಾಣುಗಳಾಗುತ್ತವೆ, ಕಾಯಿಸಿದರೆ ಒಳಕ್ಕೂ ಇಳಿದು ಕಪ್ಪು ಪದರವಾಗುತ್ತವೆ. ಹೀಗೆ ಅನಿಲದ ಅಣುಗಳು ಘನವಸ್ತುವಿನ ಮೈ ಮೇಲೆ ಬಂದು ಅಂಟಿಕೊಳ್ಳುವುದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಸ್ಪಂಜು ನೀರನ್ನು ಒಳಕ್ಕೆ ಎಳೆದುಕೊಳ್ಳುವುದು ಹೀರಿಕೆ. ಅಧಿಶೋಷಣೆಯಾದರೋ ಮೇಲ್ಮೈಯಲ್ಲೇ ನಡೆಯುವ ವ್ಯವಹಾರ. ನವಸಾಗರ ಕಾದಾಗ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ಇವು ತಾಮ್ರದ ಮೇಲಿನ ಪದರವನ್ನು ಕಳಚಿಹಾಕಿ ನಿಜವಾದ ಲೋಹವನ್ನು ಬಯಲು ಮಾಡುತ್ತವೆ. ಆ ಒಂದು ಕ್ಷಣವನ್ನು ಹಿಡಿದು ತವರ ಹಚ್ಚುವುದೇ ಕಲಾಯಿಯವರ ಜಾಣ್ಮೆ.

ನವಸಾಗರಕ್ಕೆ ಉರ್ದುವಿನಲ್ಲಿ ನೌಶಾದರ್ ಎನ್ನುತ್ತೇವೆ. ಜಾಬಿರ್ ಇಬ್ನ್ ಹಯ್ಯಾನ್ ಹೆಸರಿನಲ್ಲಿ ಉಳಿದಿರುವ ಅರಬ್ಬಿ ಗ್ರಂಥಗಳಲ್ಲಿ ಇದರ ವಿವರವಿದೆ. ಅಬೂ ಬಕ್ರ್ ಅಲ್-ರಾಝಿ ವಸ್ತುಗಳನ್ನು ವರ್ಗ ಮಾಡುವಾಗ ಪಾದರಸ, ಗಂಧಕ ಮುಂತಾದವುಗಳ ಸಾಲಿನಲ್ಲಿ, ಬೆಂಕಿಗಿಟ್ಟರೆ ಆವಿಯಾಗಿ ಹಾರುವ ವಸ್ತು ಎಂದು ನೌಶಾದರನ್ನು ಸೇರಿಸಿದರು. ಕಲಾಯಿ ಎಂಬ ನಮ್ಮ ಮಾತು ಸಹ ತವರಕ್ಕೆ ಅರಬ್ಬಿಯಲ್ಲಿರುವ ಕಲಈ ಎಂಬ ಪದದ ಬಂಧುವೇ. ಪದದ ಜೊತೆಗೆ ವಿದ್ಯೆಯೂ ದೇಶ ದಾಟಿ ಬಂದಿತು.

ಆದರೆ ಕೈಗೆ ಗೊತ್ತಿದ್ದುದಕ್ಕೆ ಲೆಕ್ಕ ಸಿಗಲು ಬಹುಕಾಲ ಬೇಕಾಯಿತು. 1770ರ ದಶಕದಲ್ಲಿ ಸ್ವೀಡನ್ನಿನ ಷೀಲೆ ಮತ್ತು ಇಟಲಿಯ ಫೊಂಟಾನಾ ಇದ್ದಿಲು ಅನಿಲವನ್ನು ಹಿಡಿದಿಟ್ಟುಕೊಳ್ಳುವುದನ್ನು ಗಮನಿಸಿದರು. ಲೋಹಗಳ ವಿಷಯದಲ್ಲಿ ಸ್ಪಷ್ಟ ಉತ್ತರ ಕೊಟ್ಟವರು ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್. ಅವರು ವಿದ್ಯುತ್ ಬಲ್ಬಿನ ಕಂಪನಿಯಲ್ಲಿ ಕೆಲಸಕ್ಕಿದ್ದರು. ಬಲ್ಬಿನ ಟಂಗ್‌ಸ್ಟನ್ ತಂತಿಯ ಮೇಲೆ ಅನಿಲಗಳು ಏನು ಮಾಡುತ್ತವೆ ಎಂದು ಪರೀಕ್ಷಿಸುತ್ತಾ, 1916 ಮತ್ತು 1918ರ ಪ್ರಬಂಧಗಳಲ್ಲಿ ತಮ್ಮ ಸಿದ್ಧಾಂತವನ್ನು ಮುಂದಿಟ್ಟರು. 1932ರಲ್ಲಿ ಅವರಿಗೆ ನೊಬೆಲ್ ಬಂದಿತು.

ವಿದ್ಯಾರ್ಥಿಗಳೇ, ಈ ಸಿದ್ಧಾಂತವನ್ನು ಮಸೀದಿಯ ಸಫ್‌ನ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಜುಮಾ ದಿನ ಮೊದಲು ಬಂದವರಿಗೆ ಎಲ್ಲಿ ನೋಡಿದರೂ ಜಾಗ. ಸಫ್ ತುಂಬುತ್ತಾ ಬಂದಂತೆ ಖಾಲಿ ಜಾಗ ಹುಡುಕಬೇಕು. ಒಬ್ಬರ ಜಾಗದಲ್ಲಿ ಒಬ್ಬರೇ ನಿಲ್ಲಬಹುದು. ಲೋಹದ ಮೈ ಮೇಲೂ ಹೀಗೆಯೇ ಗೊತ್ತಾದ ಜಾಗಗಳಿವೆ, ಒಂದು ಜಾಗಕ್ಕೆ ಒಂದೇ ಅಣು. ಕೆಲವು ಅಣುಗಳು ಬರುತ್ತಿರುತ್ತವೆ, ಕೆಲವು ಎದ್ದು ಹೋಗುತ್ತಿರುತ್ತವೆ. ಬರುವವರೂ ಹೋಗುವವರೂ ಸಮವಾದಾಗ ಸಮತೋಲನ. ಒತ್ತಡ ಹೆಚ್ಚಿಸಿದರೆ ಬರುವವು ಹೆಚ್ಚುತ್ತವೆ, ಬಿಸಿ ಹೆಚ್ಚಿಸಿದರೆ ಎದ್ದು ಹೋಗುವವು ಹೆಚ್ಚುತ್ತವೆ. ಕುಳಿತುಕೊಳ್ಳುವುದರಲ್ಲೂ ಎರಡು ಬಗೆ. ಬಸ್ಸಿನ ಸೀಟಿನ ಅಂಚಿನಲ್ಲಿ ಕೂತವನಂತೆ ಸಡಿಲವಾಗಿ ಕೂರುವುದು ಭೌತ ಅಧಿಶೋಷಣೆ. ಲೋಹದ ಪರಮಾಣುವಿನೊಡನೆ ರಾಸಾಯನಿಕ ಬಂಧವನ್ನೇ ಬೆಸೆದುಕೊಂಡು ಕೂರುವುದು ರಾಸಾಯನಿಕ ಅಧಿಶೋಷಣೆ.

ಇದರಿಂದ ರೈತನಿಗೇನು ಲಾಭ ಎಂದು ನೀವು ಕೇಳಬಹುದು. ಮಳೆ ಬಿದ್ದೊಡನೆ ನಮ್ಮ ಅಜ್ಜಂಪುರದ ಈರುಳ್ಳಿ ಬೆಳೆಗಾರರು ಯೂರಿಯಾ ಮೂಟೆಗಾಗಿ ಓಡಾಡುತ್ತಾರಲ್ಲವೇ? ಆ ಯೂರಿಯಾ ಆಗುವುದು ಅಮೋನಿಯಾದಿಂದ. ಅಮೋನಿಯಾಕ್ಕೆ ಬೇಕಾದ ಸಾರಜನಕ ಗಾಳಿಯಲ್ಲಿ ಶೇಕಡ 78ರಷ್ಟಿದೆ. ಆದರೆ ಅದರ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಆ ಗಂಟನ್ನು ಬಿಚ್ಚುವ ಶಕ್ತಿ ಗಿಡಕ್ಕಿಲ್ಲ. 1909ರಲ್ಲಿ ಫ್ರಿಟ್ಜ್ ಹೇಬರ್ ಅಪರೂಪದ ಆಸ್ಮಿಯಂ ಲೋಹದ ಸಹಾಯದಿಂದ ಸಾರಜನಕ ಮತ್ತು ಜಲಜನಕವನ್ನು ಸೇರಿಸಿ ಅಮೋನಿಯಾ ಮಾಡಿ ತೋರಿಸಿದರು. ಅಗ್ಗದ ಲೋಹಕ್ಕಾಗಿ ಅಲ್ವಿನ್ ಮಿಟ್ಟಾಷ್ ಸಾವಿರಾರು ಪ್ರಯೋಗ ನಡೆಸಿದರು. ಕೊನೆಗೆ ಗೆದ್ದದ್ದು ಸ್ವೀಡನ್ನಿನ ಒಂದು ಕಬ್ಬಿಣದ ಅದಿರು. 1913ರಲ್ಲಿ ಕಾರ್ಲ್ ಬಾಷ್ ಅವರ ನೇತೃತ್ವದಲ್ಲಿ ಜರ್ಮನಿಯ ಓಪ್ಪಾವಿನಲ್ಲಿ ಕಾರ್ಖಾನೆ ಆರಂಭವಾಯಿತು.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಅನ್ನ ಕೊಟ್ಟ ಇದೇ ಹೇಬರ್ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಕ್ಲೋರಿನ್ ವಿಷಾನಿಲ ಬಿಡಿಸುವುದರಲ್ಲೂ ಮುಂದಾಳಾಗಿದ್ದರು. ಪ್ರಯೋಜನಕಾರಿ ಇಲ್ಮನ್ನೇ ಬೇಡಿಕೊಳ್ಳಬೇಕೆಂದು ನಮಗೆ ಹಿರಿಯರು ಏಕೆ ಕಲಿಸಿದರು ಎಂಬುದು ಇಂತಹ ಕಡೆ ಅರ್ಥವಾಗುತ್ತದೆ.

ನಮ್ಮ ನಾಡು ಈ ಚರಿತ್ರೆಯಿಂದ ದೂರವೇನಿರಲಿಲ್ಲ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ, ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ 1923ರಲ್ಲಿ ಉತ್ಪಾದನೆ ಶುರುವಾಯಿತು. ಅಲ್ಲಿನ ಊದುಕುಲುಮೆಯಲ್ಲಿ ಇದ್ದಿಲು ಉರಿದು ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅದಿರಿನ ಮೈ ಮುಟ್ಟಿ ಆಮ್ಲಜನಕವನ್ನು ಕಿತ್ತುಕೊಂಡು ಹೋಗುತ್ತಿತ್ತು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕೃಷ್ಣರಾಜಸಾಗರದ ಸಮೀಪದ ಬೆಳಗೊಳದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಸ್ಥಾಪನೆಯಾಯಿತು. ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿದ ದೇಶದ ಮೊದಮೊದಲ ಕಾರ್ಖಾನೆಗಳಲ್ಲಿ ಅದೂ ಒಂದು. ಮುಂದೆ 1976ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ದೊಡ್ಡ ಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು.

ವಿಚಿತ್ರವೆಂದರೆ, ಜಗತ್ತಿನ ಇಷ್ಟೊಂದು ಕಾರ್ಖಾನೆಗಳು ನಡೆಯುತ್ತಿದ್ದರೂ ಕಬ್ಬಿಣದ ಮೈ ಮೇಲೆ ನಡೆಯುವುದೇನೆಂದು ಖಚಿತವಾಗಿ ಗೊತ್ತಿರಲಿಲ್ಲ. ಅಡ್ಡಿಯಾಗಿದ್ದು ಕಲಾಯಿಯವರ ಹಳೆಯ ಸಮಸ್ಯೆಯೇ: ಶುದ್ಧವಾದ ಮೈ ಸಿಗುವುದಿಲ್ಲ. ಗಾಳಿಯ ಒತ್ತಡವನ್ನು ಸುಮಾರು 76 ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದರೂ, ಬಂದ ಅಣುಗಳೆಲ್ಲ ಅಂಟಿಕೊಂಡರೆ, ಒಂದೇ ಸೆಕೆಂಡಿನಲ್ಲಿ ಲೋಹದ ಮೈ ಮುಚ್ಚಿಹೋಗುತ್ತದೆ. ಅದಕ್ಕಿಂತ ಸಾವಿರಾರು ಪಟ್ಟು ಆಳವಾದ ನಿರ್ವಾತ ಬೇಕಿತ್ತು. ಅಂತಹ ಪಂಪು ಮತ್ತು ಪಾತ್ರೆಗಳು ಪ್ರಯೋಗಾಲಯಗಳಿಗೆ ಸುಲಭವಾಗಿ ಸಿಕ್ಕಿದ್ದು 1960ರ ದಶಕದಲ್ಲಿ.

ಆ ಅವಕಾಶವನ್ನು ಬಳಸಿಕೊಂಡವರಲ್ಲಿ ಗೆರ್ಹಾರ್ಡ್ ಎರ್ಟ್ಲ್ ಪ್ರಮುಖರು. ಪರಮಾಣುಗಳು ಒಂದೇ ಕ್ರಮದಲ್ಲಿ ಜೋಡಿಸಿಕೊಂಡಿರುವ ಕಬ್ಬಿಣದ ಒಂಟಿ ಹರಳನ್ನು ತೆಗೆದುಕೊಂಡು, ನಿರ್ವಾತದಲ್ಲಿ ಶುದ್ಧಗೊಳಿಸಿ, ಅಳತೆ ಮಾಡಿ ಸಾರಜನಕವನ್ನು ಬಿಟ್ಟರು. ಸಾರಜನಕದ ಅಣು ಕಬ್ಬಿಣದ ಮೇಲೆ ಕುಳಿತು ಎರಡು ಪರಮಾಣುಗಳಾಗಿ ಒಡೆಯುತ್ತದೆ, ಆ ಒಡೆಯುವ ಹೆಜ್ಜೆಯೇ ಎಲ್ಲಕ್ಕಿಂತ ನಿಧಾನ, ಆಮೇಲೆ ಜಲಜನಕದ ಪರಮಾಣುಗಳು ಒಂದೊಂದಾಗಿ ಮೂರು ಸೇರಿ ಅಮೋನಿಯಾ ಎದ್ದು ಹೋಗುತ್ತದೆ ಎಂದು ಸಿದ್ಧಪಡಿಸಿದರು. ಹರಳನ್ನು ಕತ್ತರಿಸಿದ ದಿಕ್ಕು ಬದಲಾದರೆ ಮೈ ಮೇಲಿನ ಪರಮಾಣುಗಳ ಜೋಡಣೆ ಬದಲಾಗುತ್ತದೆ. ಒಂದು ಮುಖಕ್ಕೂ ಇನ್ನೊಂದು ಮುಖಕ್ಕೂ ಅಮೋನಿಯಾ ಆಗುವ ವೇಗದಲ್ಲಿ ನೂರಾರು ಪಟ್ಟು ಅಂತರವಿದೆ ಎಂದು ಅಮೆರಿಕದ ಸೊಮೊರ್ಜೈ ಅವರ ತಂಡ ತೋರಿಸಿತು. 2007ರ ಅಕ್ಟೋಬರ್ 10ರಂದು, ತಮ್ಮ 71ನೇ ಹುಟ್ಟುಹಬ್ಬದ ದಿನವೇ, ಎರ್ಟ್ಲ್ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಘೋಷಣೆಯಾಯಿತು.

ಇದೇ ವಿಷಯದಲ್ಲಿ ಬೆಂಗಳೂರಿನಲ್ಲೂ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡಿಗರಾದ ಸಿ.ಎನ್.ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು ಲೋಹದ ಮೈ ಮೇಲೆ ಆಮ್ಲಜನಕ, ಸಾರಜನಕ, ಕಾರ್ಬನ್ ಮಾನಾಕ್ಸೈಡ್ ಹೇಗೆ ಕೂರುತ್ತವೆ ಎಂದು ಎಲೆಕ್ಟ್ರಾನ್ ರೋಹಿತಗಳ ಮೂಲಕ ಅಭ್ಯಾಸ ಮಾಡಿದರು. ರಾವ್ ಅವರಿಗೆ 2014ರಲ್ಲಿ ಭಾರತರತ್ನ ಪ್ರದಾನವಾಯಿತು.

ಬಂಧುಗಳೇ, ಎಸ್ಸೆಸ್ಸೆಲ್ಸಿ ಮುಗಿದೊಡನೆ "ಸೈನ್ಸ್ ನಮ್ಮಂಥವರಿಗಲ್ಲ ಮೇಷ್ಟ್ರೇ" ಎನ್ನುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕೆಲವೊಮ್ಮೆ ಆ ಮಾತನ್ನು ಮಕ್ಕಳಿಗಿಂತ ಮೊದಲು ತಂದೆ ತಾಯಿಗಳೇ ಹೇಳಿರುತ್ತಾರೆ. ಅವರಿಗೆ ನನ್ನ ಉತ್ತರ ಇಷ್ಟೇ. ನಿಮ್ಮ ದಾದಾ ನವಸಾಗರದ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಪ್ರತಿದಿನ ಮಾಡುತ್ತಿದ್ದುದು ಮೇಲ್ಮೈ ರಸಾಯನವೇ. ಅವರಿಗೆ ಕೈಯ ವಿದ್ಯೆ ಗೊತ್ತಿತ್ತು, ಕಾರಣ ತಿಳಿಸುವವರು ಯಾರೂ ಇರಲಿಲ್ಲ. ನಿಮಗೆ ಶಾಲೆಯಿದೆ, ಪುಸ್ತಕವಿದೆ, ವಿದ್ಯಾರ್ಥಿವೇತನವಿದೆ. ಕಲಾಯಿಯವರ ಮೊಮ್ಮಗಳು ಪ್ರಯೋಗಾಲಯದಲ್ಲಿ ಲೋಹದ ಹರಳಿನ ಮುಂದೆ ನಿಂತರೆ ಅದು ಪರರ ಮನೆಯ ಹೊಸ್ತಿಲೇನಲ್ಲ. ಈ ವರ್ಷ ಸಂಘದ ಸದಸ್ಯರೆಲ್ಲರೂ ತಮ್ಮ ಓಣಿಯ ಒಂದಾದರೂ ಮಗುವಿನ ಮನೆಗೆ ಹೋಗಿ ಈ ಮಾತನ್ನು ಹೇಳಿ ಬರಬೇಕೆಂದು ವಿನಂತಿಸುತ್ತೇನೆ. ದೇಗ್ಚಿ ಅಟ್ಟ ಸೇರಿದರೆ ಸೇರಲಿ, ವಿದ್ಯೆ ಮಾತ್ರ ಅಟ್ಟ ಸೇರಬಾರದು.