ಟಿಮಾರುವಿನ ಕಮ್ಮಾರ, ಮೈಸೂರಿನ ಜಟ್ಟಿ, ನಮ್ಮ ಭುಜ

ಕ್ರೈಸ್ಟ್‌ಚರ್ಚ್‌ನಿಂದ ಡನೀಡನ್‌ಗೆ ಕಾರಲ್ಲಿ ಹೋಗುವಾಗ ನಾವೆಲ್ಲ ಟಿಮಾರುವಿನಲ್ಲಿ ಕಾಫಿಗೆ ನಿಲ್ಲಿಸ್ತೀವಿ. ಮುಂದಿನ ಸಲ ಪೇಟೆಯೊಳಗಿರುವ ಬಾಕ್ಸರ್ ಬಾಬ್ ಫಿಟ್ಜ್‌ಸಿಮನ್ಸ್‌ನ ಕಂಚಿನ ಪ್ರತಿಮೆಯನ್ನೂ ನೋಡಿ ಬನ್ನಿ.

ಈತನೂ ನಮ್ಮ ಹಾಗೆ ವಲಸೆ ಬಂದವನೇ. 1863ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮನೆಯವರ ಜೊತೆ ಟಿಮಾರುವಿಗೆ ಬಂದು ಕುಲುಮೆ ಸೇರಿದ. ಸುತ್ತಿಗೆ ಬೀಸಿ ಬೀಸಿ ಭುಜ ಅಗಲವಾಯ್ತು, ಕಾಲು ಮಾತ್ರ ಸಣಕಲಾಗೇ ಉಳಿದವು. 1891ರಲ್ಲಿ ಮಿಡಲ್‌ವೇಟ್, 1897ರಲ್ಲಿ ಹೆವಿವೇಟ್, 1903ರಲ್ಲಿ ಲೈಟ್ ಹೆವಿವೇಟ್ ವಿಶ್ವ ಪಟ್ಟ ಗೆದ್ದ. ಮೂರು ತೂಕಗಳಲ್ಲಿ ಗೆದ್ದವರಲ್ಲಿ ಇವನೇ ಮೊದಲಿಗ.

ನನಗೆ ಮುಖ್ಯ ಅನಿಸೋದು ಅವನು ಸೋತ ಒಂದು ಪಂದ್ಯ. 1902ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನಗಿಂತ ಎಷ್ಟೋ ಭಾರದ ಜಿಮ್ ಜೆಫ್ರೀಸ್‌ನ ಮುಖ ರಕ್ತಸಿಕ್ತವಾಗುವಂತೆ ಹೊಡೆದ. ಆದರೆ ಹೊಡೆದ ಕೈಗಳೇ ಜಖಂ ಆದವು. ಎಂಟನೇ ಸುತ್ತಿನಲ್ಲಿ ಬಿದ್ದ. ತಲೆಬುರುಡೆ ಗಟ್ಟಿ, ಕಿರುಬೆರಳಿನ ಬುಡದ ಮೂಳೆ ತೆಳು. ಇವತ್ತಿಗೂ ವೈದ್ಯರು ಅಲ್ಲಿನ ಮುರಿತಕ್ಕೆ ‘ಬಾಕ್ಸರ್ ಫ್ರಾಕ್ಚರ್’ ಅಂತಲೇ ಹೆಸರಿಟ್ಟಿದ್ದಾರೆ. ಗ್ಲೌಸ್ ಕಾಪಾಡೋದು ಹೆಚ್ಚಾಗಿ ಹೊಡೆಯುವವನ ಕೈಯನ್ನು, ತಿನ್ನುವವನ ತಲೆಯನ್ನಲ್ಲ. ಕೈ ಜಖಂ ಆದರೂ ಫಿಟ್ಜ್‌ಸಿಮನ್ಸ್ ಬಿಡಲಿಲ್ಲ. ಐವತ್ತರ ಹತ್ತಿರದವರೆಗೂ ಕಣಕ್ಕಿಳಿದ. ಆ ಕಾಲದಲ್ಲಿ ಗಾಯಗೊಂಡ ಮಲ್ಲನಿಗೆ ಪಂದ್ಯವಿಲ್ಲದಿದ್ದರೆ ಸಂಪಾದನೆಯೂ ಇಲ್ಲ.

ನಮ್ಮ ಮೈಸೂರಲ್ಲಿ ಇದಕ್ಕೆ ಬೇರೆ ವ್ಯವಸ್ಥೆ ಇತ್ತು. ವಿಜಯದಶಮಿಯಂದು ಅರಮನೆ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ತೊಟ್ಟು ಕಾದುತ್ತಾರೆ. ತಲೆಯಿಂದ ರಕ್ತ ಬಂತೋ, ಕಾಳಗ ಅಲ್ಲಿಗೇ ನಿಲ್ಲುತ್ತೆ. ರಕ್ತ ಕಂಡ ಕೂಡಲೇ ನಿಲ್ಲಿಸುವ ಈ ನಿಯಮ ಕ್ರೂರವಾಗಿ ಕಂಡರೂ ಅದರಲ್ಲಿ ಬುದ್ಧಿ ಇದೆ ಅಂತ ನನ್ನ ಅನಿಸಿಕೆ. ಜೊತೆಗೆ ಜಟ್ಟಿಗಳು ಉಳುಕು ತೆಗೆಯೋದರಲ್ಲಿ, ಕೀಲು ಕೂರಿಸೋದರಲ್ಲಿ ಹೆಸರಾದವರು. ಕಾದುವವನೂ ಅವನೇ, ಕಟ್ಟು ಹಾಕುವವನೂ ಅವನೇ.

ನ್ಯೂಜಿಲೆಂಡ್ ತನ್ನ ದಾರಿ ಕಂಡುಕೊಂಡಿದ್ದು ತಡವಾಗಿ. ನ್ಯಾಯಮೂರ್ತಿ ಓವನ್ ವುಡ್‌ಹೌಸ್ ಆಯೋಗ 1967ರಲ್ಲಿ ವರದಿ ಕೊಟ್ಟಿತು, 1972ರಲ್ಲಿ ಕಾಯ್ದೆ ಬಂತು, 1974ರ ಏಪ್ರಿಲ್ 1ರಿಂದ ಜಾರಿ. ಅದೇ ನಮಗೆಲ್ಲ ಗೊತ್ತಿರುವ ಎಸಿಸಿ. ತಪ್ಪು ಯಾರದು ಅಂತ ಕೇಳೋದಿಲ್ಲ. ಬದಲಿಗೆ ಗಾಯಕ್ಕೆ ಪರಿಹಾರ ಕೇಳಿ ದಾವೆ ಹೂಡುವ ಹಕ್ಕನ್ನು ಜನ ಬಿಟ್ಟುಕೊಟ್ಟರು. ಕಣದಲ್ಲಿ ಕೈ ಮುರಿದ ಬಾಕ್ಸರ್‌ಗೂ, ಗೋದಾಮಿನಲ್ಲಿ ಬಿದ್ದ ವರ್ಕ್ ವೀಸಾದವನಿಗೂ ಅದೇ ಕಾಯ್ದೆ. ದುಡಿಯುವವನು ಕೆಲಸಕ್ಕೆ ಹೋಗಲಾಗದಿದ್ದರೆ ಮೊದಲ ವಾರದ ನಂತರ ಸಂಪಾದನೆಯ ಶೇಕಡಾ 80ರವರೆಗೆ ಸಿಗುತ್ತೆ.

ಆದರೆ ಒಂದು ಗೆರೆ ಇದೆ. ಇಂಥ ದಿನ, ಹೀಗಾಯ್ತು ಅಂತ ಹೇಳಬಹುದಾದ ಗಾಯ ಒಂದು ಕಡೆ. ವಯಸ್ಸಿನಿಂದ ಸವೆದ ಕೀಲು ಇನ್ನೊಂದು ಕಡೆ. ಎರಡನೆಯದು ಅಪಘಾತವಲ್ಲ. ಕೆಲಸದಿಂದಲೇ ನಿಧಾನವಾಗಿ ಆದ ಹಾನಿಗೂ ದಾರಿ ಇದೆ, ಆದರೆ ಕೆಲಸವೇ ಕಾರಣ ಅಂತ ತೋರಿಸಬೇಕು. ಮಲ್ಲರ ಕುತ್ತಿಗೆ, ಮೊಣಕಾಲು, ನಮ್ಮ ಸೊಂಟ, ಭುಜ ಎಲ್ಲ ಈ ಗೆರೆಯ ಮೇಲೇ ನಿಂತಿವೆ.

ನಾನೇ ಎಡವಿದ್ದೀನಿ. ಪೆಟ್ಟಿಗೆ ಎತ್ತುವಾಗ ಬಲಭುಜ ‘ಕಟಕ್’ ಅಂತು. ಶಿಫ್ಟ್ ಹೋದೀತು ಅಂತ ಹೆದರಿ ಮೂರು ವಾರ ಬಾಯಿ ಬಿಡಲಿಲ್ಲ. ಕೊನೆಗೆ ಡಾಕ್ಟರು “ಯಾವತ್ತು ಆಯ್ತು?” ಅಂದಾಗ ಮಂಗಳವಾರವೋ ಬುಧವಾರವೋ ನೆನಪಾಗಲಿಲ್ಲ. ಈಗ ಲಾಕರ್ ಬಾಗಿಲಿಗೆ ಒಂದು ಕ್ಯಾಲೆಂಡರ್ ಅಂಟಿಸಿದ್ದೀನಿ. ಪಕ್ಕದ ಲಾಕರಿನ ಹುಡುಗರೂ ಅದರಲ್ಲೇ ಬರೀತಾರೆ.